ಹಗಲು-ರಾತ್ರಿ ದುಡಿಯುವ ಬೆಂಗಳೂರಿನಲ್ಲಿ ಆತಂಕಕ್ಕೆ ನೆರವು: ಮುಖ್ಯಾಂಶಗಳು

ಕೆಎಎಸ್, ಪಿಡಿಒ, ಆರೋಗ್ಯ ಇಲಾಖೆಯ ನೇಮಕಾತಿ ಪರೀಕ್ಷೆಗಳಿಗೆ ಓದುವವರು ಈ ವಿಷಯವನ್ನು ಇಸವಿಗಳಿಗಾಗಿ ಓದಿಕೊಳ್ಳಬೇಕು. ಜೊತೆಗೆ ತಮಗಾಗಿಯೂ ಓದಿಕೊಳ್ಳಬೇಕು. ನಿದ್ದೆಗೆಟ್ಟು ಓದುವವರ ಎದೆಯೂ ಡವಗುಟ್ಟುತ್ತದೆ.

ಹಿನ್ನೆಲೆ
• ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಗಂಟೆಯೆಂದರೆ ಬೆಂಗಳೂರಿನಲ್ಲಿ ಸಂಜೆ 6:30, ಅಲ್ಲಿಯ ಚಳಿಗಾಲದಲ್ಲಿ 7:30. ಹೊರಗುತ್ತಿಗೆ ಉದ್ಯಮದ ರಾತ್ರಿ ಪಾಳಿಗೆ ಈ ಅಂತರವೇ ಮೂಲ.
• 10 ಅಥವಾ ಹೆಚ್ಚು ನೌಕರರಿರುವ ಅಂಗಡಿ, ವಾಣಿಜ್ಯ ಸಂಸ್ಥೆಗಳು ದಿನದ 24 ಗಂಟೆಯೂ ತೆರೆದಿರಲು ಕರ್ನಾಟಕ ಸರ್ಕಾರ 2021ರ ಜನವರಿಯಲ್ಲಿ ಅನುಮತಿ ನೀಡಿತು. ಕ್ಯಾಬ್ ಚಾಲಕರು, ಡೆಲಿವರಿ ಹುಡುಗರು, ಸೆಕ್ಯೂರಿಟಿ ಕಾವಲುಗಾರರು, ನರ್ಸ್‌ಗಳು ಅದಕ್ಕೂ ಮೊದಲೇ ರಾತ್ರಿಯಿಡೀ ದುಡಿಯುತ್ತಿದ್ದವರು. ಐಟಿಯವರ ಒತ್ತಡದ ಬಗ್ಗೆ ಬರೆಯುವವರು ಇವರನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ.
• ದೇಹದ ಜೈವಿಕ ಗಡಿಯಾರ ನಡೆಯುವುದು ಬೆಳಕು-ಕತ್ತಲೆಗೆ ತಕ್ಕಂತೆ. ಕತ್ತಲಾದಾಗ ಮೆಲಟೋನಿನ್ ಹೆಚ್ಚಿ ನಿದ್ದೆಗೆ ಕರೆಯುತ್ತದೆ. ಪಾಳಿ ಬದಲಾದಂತೆಲ್ಲ ಈ ಲಯ ತಪ್ಪುತ್ತದೆ. ನಿದ್ದೆ ಕೆಟ್ಟರೆ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದರೆ ನಿದ್ದೆ ಇನ್ನಷ್ಟು ಕೆಡುತ್ತದೆ. ಈ ಗಡಿಯಾರದ ಆಣ್ವಿಕ ಕಾರ್ಯವಿಧಾನ ಕಂಡುಹಿಡಿದ ಹಾಲ್, ರೋಸ್‌ಬ್ಯಾಶ್, ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು.

ಯಾವಾಗ ಕಾಯಿಲೆ?
ಪರೀಕ್ಷೆಯ ಹಿಂದಿನ ದಿನದ ಅಳುಕು ಕಾಯಿಲೆಯಲ್ಲ. ಹತೋಟಿಗೆ ಸಿಗದ ಚಿಂತೆ 6 ತಿಂಗಳಾದರೂ ಬಿಡದೆ ಕಾಡುತ್ತ, ನಿದ್ದೆ-ಕೆಲಸ-ಸಂಬಂಧಗಳನ್ನು ಕೆಡಿಸಿದರೆ ಅದು ಸಾಮಾನ್ಯೀಕೃತ ಆತಂಕದ ಕಾಯಿಲೆಯಾಗಿರಬಹುದು. ಪ್ಯಾನಿಕ್ ಅಟ್ಯಾಕ್ ಇದಕ್ಕಿಂತ ಬೇರೆ: ಹಠಾತ್ತಾಗಿ ಎದ್ದು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ. ಉಸಿರು ಕಟ್ಟಿದಂತೆ, ಪ್ರಾಣವೇ ಹೋದಂತೆ ಅನ್ನಿಸುತ್ತದೆ. ಎದೆನೋವು ಮೊದಲ ಸಲ ಬಂದಾಗ ‘ಟೆನ್ಷನ್ ಅಷ್ಟೇ’ ಎಂದು ಸುಮ್ಮನಾಗದೆ ಹೃದಯದ ತಪಾಸಣೆ ಮಾಡಿಸಬೇಕು. ಆಂಬುಲೆನ್ಸ್‌ಗೆ 108.

ಟೆಲಿ-ಮಾನಸ್
ಇಡೀ ವಿಷಯದಲ್ಲಿ ಅತಿ ಮುಖ್ಯವಾದುದು ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. 2022-23ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ ಚಾಲನೆ. ಸಂಖ್ಯೆ 14416, ಟೋಲ್ ಫ್ರೀ. ಪರ್ಯಾಯ ಸಂಖ್ಯೆ 1-800-891-4416. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಶೃಂಗ ಸಂಸ್ಥೆ ನಿಮ್ಹಾನ್ಸ್. ತಾಂತ್ರಿಕ ನೆರವು ಐಐಐಟಿ ಬೆಂಗಳೂರಿನದು. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದರೆ ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. ರಾತ್ರಿ ಮೂರು ಗಂಟೆಗೆ ಪಾಳಿಯ ನಡುವೆ ಕೈ ನಡುಗುವವರಿಗೆ ಬೆಳಗಿನ ಒಪಿಡಿ ಉಪಯೋಗಕ್ಕೆ ಬರುವುದಿಲ್ಲ. ಇಂಥ ನಗರಕ್ಕೆ ಈ ಸೇವೆ ಎಷ್ಟು ಅಗತ್ಯವೆಂಬುದು ಅಲ್ಲಿ ತಿಳಿಯುತ್ತದೆ.

ನಿಮ್ಹಾನ್ಸ್
• 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾನಸಿಕ ಚಿಕಿತ್ಸಾಲಯ ಇದರ ಪೂರ್ವಜ. ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆ.
• ಹೊಸೂರು ರಸ್ತೆಯ ಆವರಣದಲ್ಲಿ ತುರ್ತು ಚಿಕಿತ್ಸೆ ಹಗಲಿರುಳೂ ಲಭ್ಯ. ಆಸ್ಪತ್ರೆಯ ಹೆಸರಿಗೇ ಹಿಂಜರಿಯುವವರಿಗೆ ಬಿಟಿಎಂ ಬಡಾವಣೆಯಲ್ಲಿ ‘ಸೆಂಟರ್ ಫಾರ್ ವೆಲ್‌ಬೀಯಿಂಗ್’ ಇದೆ.
• ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ: 12 ರಾಜ್ಯಗಳು, ವಯಸ್ಕರಲ್ಲಿ ಶೇ 10.6 ಮಂದಿಗೆ ಮಾನಸಿಕ ಕಾಯಿಲೆ. ಚಿಕಿತ್ಸೆಯ ಕೊರತೆ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ಹಳ್ಳಿಗಳಿಗಿಂತ ಮಹಾನಗರಗಳಲ್ಲಿ ಪ್ರಮಾಣ ಹೆಚ್ಚು.

ಯಾರ ಬಳಿ ಹೋಗಬೇಕು?
ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ತಪ್ಪಲ್ಲ. ಆತಂಕಕ್ಕೆ ಅರಿವು-ವರ್ತನಾ ಚಿಕಿತ್ಸೆ ಚೆನ್ನಾಗಿ ಪರೀಕ್ಷೆಗೊಳಪಟ್ಟ ವಿಧಾನ. ಆತಂಕಕ್ಕೆ ವೈದ್ಯರು ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಆಲ್‌ಪ್ರಜೋಲಾಮ್‌ನಂಥ ಮಾತ್ರೆ ಬೇಗ ಹಿಡಿತ ಕೊಡುತ್ತದೆ, ಆದರೆ ಚಟವಾಗುವ ಅಪಾಯವಿದೆ. ಸಹೋದ್ಯೋಗಿ ಕೊಟ್ಟ ಸ್ಟ್ರಿಪ್‌ನಿಂದ ಒಂದನ್ನೂ ನುಂಗಬಾರದು.

ಕಾನೂನು
ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿ 2018ರ ಮೇ 29.
• ಸೆಕ್ಷನ್ 18: ಚಿಕಿತ್ಸೆ ಪಡೆಯುವ ಹಕ್ಕು.
• ಸೆಕ್ಷನ್ 21(4): ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ.
• ಸೆಕ್ಷನ್ 23: ಗೋಪ್ಯತೆ. ‘ಆಫೀಸಿಗೆ ಗೊತ್ತಾದರೆ?’ ಎಂದು ಹೆದರುವವರು ನೆನಪಿಡಬೇಕಾದದ್ದು ಇದನ್ನೇ.
• ಸೆಕ್ಷನ್ 115: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ.

14416 ಅನ್ನು ಉತ್ತರಪತ್ರಿಕೆಗಷ್ಟೇ ಬಾಯಿಪಾಠ ಮಾಡಬೇಡಿ. ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ, ರಾತ್ರಿ ಪಾಳಿಗೆ ಹೋಗುವ ಒಬ್ಬರಿಗಾದರೂ ಕಳಿಸಿ.