ಗಿಟಾರಿನ ಮೇಲೆ ಬೆರಳು ಬದಲಿಸುವ ಕ್ರಮ

ಕಳೆದ ಕ್ರಿಸ್ತಜಯಂತಿಯ ರಾತ್ರಿ ನಾವು ಒಂದು ಹಳ್ಳಿಯ ಸಭೆಯಲ್ಲಿದ್ದೆವು. ಅಲ್ಲಿಯ ಹಾರ್ಮೋನಿಯಮು ಕೆಟ್ಟುಹೋಗಿದ್ದದರಿಂದ ಒಬ್ಬ ಯೌವನಸ್ಥನು ಗಿಟಾರನ್ನು ತಂದು ಶ್ರದ್ಧೆಯಿಂದ ಬಾರಿಸಿದನು. ಆದರೆ ಸ್ವರ ಬದಲಾಗತಕ್ಕ ಪ್ರತಿಯೊಂದು ಸ್ಥಳದಲ್ಲಿಯೂ ಅವನು ತಡೆದು, ಬೆರಳುಗಳನ್ನು ಒಂದೊಂದಾಗಿ ಹುಡುಕಿ ಇಡುತ್ತಿದ್ದನು. ಪುಸ್ತಕವುಳ್ಳವರು ಅವನಿಗಾಗಿ ಕಾದರು. ಓದಲರಿಯದೆ ಬಾಯಿಪಾಠದಿಂದ ಹಾಡುವ ವೃದ್ಧ ತಾಯಂದಿರಿಗಾದರೋ ಪದವೇ ತಪ್ಪಿಹೋಯಿತು. ಎರಡನೆಯ ಚರಣದಿಂದ ಅವರು ಸುಮ್ಮನಾದರು. ವರುಷಕ್ಕೊಮ್ಮೆ ಬರುವ ಆ ಗೀತವನ್ನು ಹಾಡದೆ ಅವರು ಮನೆಗೆ ಹೋದದ್ದು ನಮ್ಮನ್ನು ಬಹಳವಾಗಿ ನೋಯಿಸಿತು. ಹುಡುಗನನ್ನು ನಾವು ದೂರುವದಿಲ್ಲ. ಬೆರಳು ಇಡುವದನ್ನು ಅವನಿಗೆ ತೋರಿಸಿದವರು ಎತ್ತುವದನ್ನು ತೋರಿಸಿರಲಿಲ್ಲ.

ಆ ಗೀತವು ಜರ್ಮನ್ ಭಾಷೆಯಲ್ಲಿ 'ಸ್ಟಿಲ್ಲೆ ನಾಖ್ಟ್' ಎನಿಸಿಕೊಳ್ಳುವದು. ಯೋಸೆಫ್ ಮೋರ್ ಎಂಬ ಪಾದ್ರಿಯು ಅದರ ಪದಗಳನ್ನು 1816ರಲ್ಲಿ ಬರೆದನು. 1818ರ ದಶಂಬರ 24ರಂದು ಫ್ರಾನ್ಸ್ ಗ್ರೂಬರ್ ಎಂಬ ಉಪಾಧ್ಯಾಯನು ಅದಕ್ಕೆ ಇಬ್ಬರು ಹಾಡುವಂತೆ ರಾಗ ಕಟ್ಟಿದನು; ಅದೇ ರಾತ್ರಿ ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫಿನ ದೇವಾಲಯದಲ್ಲಿ ಮೋರನ ಗಿಟಾರಿನೊಡನೆ ಅದು ಮೊದಲು ಹಾಡಲ್ಪಟ್ಟಿತು. (ಇಲಿಗಳು ಆರ್ಗನನ್ನು ಕಡಿದವೆಂಬದು ಆಮೇಲೆ ಹುಟ್ಟಿದ ಕಥೆ.) ಗಿಟಾರು ಆರಾಧನೆಗೆ ತಕ್ಕದ್ದಲ್ಲವೆನ್ನುವ ಹಿರಿಯರು ಇದನ್ನು ನೆನಸಿಕೊಳ್ಳಲಿ.

ಈ ಗೀತಕ್ಕೆ ಮೂರು ಕಾರ್ಡುಗಳು, ಅಂದರೆ ಸ್ವರಕೂಟಗಳು, ಸಾಕು. ಜಿ ಸ್ವರವನ್ನು ಷಡ್ಜವಾಗಿಟ್ಟುಕೊಂಡರೆ, ಜಿ ಎಂಬ ಕೂಟದಲ್ಲಿ ಸ ಗ ಪ ಇರುವವು. ಸಿ ಎಂಬದರಲ್ಲಿ ಮ ದ ಸ. ಡಿ ಸೆವೆನ್ ಎಂಬದರಲ್ಲಿ ಪ ನಿ ರಿ ಮ. ಆರು ತಂತಿಗಳನ್ನೂ ಒಮ್ಮೆಗೇ ಹಿಡಿಯಲು ಹೋಗುವದೇ ಹೊಸಬರ ಕಷ್ಟಕ್ಕೆ ಕಾರಣ. ದಪ್ಪವಾದ ಎರಡು ತಂತಿಗಳನ್ನು ಸದ್ಯಕ್ಕೆ ಬಿಟ್ಟುಬಿಡಿರಿ. ತೆಳುವಾದ ತಂತಿಯನ್ನು 1ನೆಯದೆಂದು ಎಣಿಸಿ, ನಾಲ್ಕನ್ನು ಮಾತ್ರ ಮೀಟಿರಿ. ಮೆಟ್ಟಿಲುಗಳನ್ನು ತಲೆಯ ಕಡೆಯಿಂದ ಎಣಿಸತಕ್ಕದ್ದು.

ಜಿಗೆ ಉಂಗುರಬೆರಳೊಂದೇ ಬೇಕು: 1ನೆಯ ತಂತಿ, 3ನೆಯ ಮೆಟ್ಟಿಲು. ಸಿಗೆ ತೋರುಬೆರಳು 2ನೆಯ ತಂತಿಯ 1ನೆಯ ಮೆಟ್ಟಿಲಿನಲ್ಲಿ, ನಡುಬೆರಳು 4ನೆಯ ತಂತಿಯ 2ನೆಯದರಲ್ಲಿ. ಡಿ ಸೆವೆನಿಗೆ ತೋರುಬೆರಳು ಸಿಯಲ್ಲಿದ್ದ ಸ್ಥಳದಲ್ಲಿಯೇ. ನಡುಬೆರಳು 3ನೆಯ ತಂತಿಯಲ್ಲಿ, ಉಂಗುರಬೆರಳು 1ನೆಯ ತಂತಿಯಲ್ಲಿ, ಇವೆರಡೂ 2ನೆಯ ಮೆಟ್ಟಿಲಿನಲ್ಲಿ.

ಈಗ ಬದಲಾವಣೆಯನ್ನು ನೋಡಿರಿ. ಜಿಯಿಂದ ಡಿ ಸೆವೆನಿಗೆ ಹೋಗುವಾಗ ಉಂಗುರಬೆರಳನ್ನು ಎತ್ತಲೇಬೇಡಿರಿ. ಅದು ಅದೇ ತಂತಿಯ ಮೇಲೆ ಒಂದು ಮೆಟ್ಟಿಲು ಹಿಂದಕ್ಕೆ ಜಾರಲಿ. ಮಿಕ್ಕ ಎರಡು ಬೆರಳುಗಳು ಅದನ್ನು ನಂಬಿ ಬಂದು ಇಳಿಯುವವು. ಕುರುಡನು ಗೋಡೆಯನ್ನು ಮುಟ್ಟಿಕೊಂಡು ಬಾಗಿಲಿಗೆ ಬರುವ ಹಾಗೆ, ಕೈಯು ತಂತಿಯನ್ನು ಬಿಡದೆ ತನ್ನ ಸ್ಥಳಕ್ಕೆ ಬರುವದು. ಸಿಯಿಂದ ಡಿ ಸೆವೆನಿಗೆ ಹೋಗುವ ಬದಲಾವಣೆ ಈ ಗೀತದಲ್ಲಿಲ್ಲ, ಬೇರೆ ಗೀತಗಳಲ್ಲಿ ಉಂಟು; ಆಗ ತೋರುಬೆರಳು ಅಲುಗಬಾರದು. ಯಾಕಂದರೆ ಆ ಬೆರಳಿನ ಕೆಳಗಿರುವ ಸ್ವರವು ಮಧ್ಯಮ. ಅದು ಎರಡು ಕೂಟಗಳಿಗೂ ಸೇರಿದ್ದು. ಸ್ವರವೇ ನಿಂತಿರುವಾಗ ಬೆರಳು ಯಾಕೆ ಏಳಬೇಕು? ಜಿಯಿಂದ ಸಿಗೆ ಮಾತ್ರ ಹೀಗೆ ಆಧಾರವಾಗುವ ಬೆರಳಿಲ್ಲ. ಉಂಗುರಬೆರಳು ಏಳುತ್ತಿರುವಾಗಲೇ ಬೇರೆ ಎರಡೂ ಜೊತೆಯಾಗಿ ಇಳಿಯಬೇಕು. ಇದಕ್ಕೆ ಹೆಚ್ಚು ದಿವಸ ಹಿಡಿಯುವದು.

ಗೀತದ ಒಂದು ಚರಣವನ್ನು ಮೂರು ಮಾತ್ರೆಗಳ 24 ಆವರ್ತಗಳಾಗಿ ಎಣಿಸಬಹುದು. ಮೊದಲು ಜಿ 4 ಆವರ್ತ. ಅನಂತರ ಡಿ ಸೆವೆನ್ 2, ಜಿ 2, ಸಿ 2, ಜಿ 2, ಸಿ 2, ಜಿ 2, ಡಿ ಸೆವೆನ್ 2, ಜಿ 2. ಕಡೇ ಸಾಲಿನಲ್ಲಿ ಜಿ 1, ಡಿ ಸೆವೆನ್ 1, ಜಿ 2. ಹೀಗೆ ಚರಣಕ್ಕೆ ಹತ್ತೇ ಬದಲಾವಣೆಗಳು. ಹೆಚ್ಚಿನವುಗಳ ಮುಂಚೆ ಆರು ಮಾತ್ರೆಗಳಷ್ಟು ಸಾವಕಾಶವಿದೆ. ಆತುರವಾಗುವದು ಕಡೇ ಸಾಲಿನಲ್ಲಿ ಮಾತ್ರ. ಅಲ್ಲಿಯೂ ಜಾರುವ ಉಂಗುರಬೆರಳೇ ನಿಮ್ಮನ್ನು ನಡಿಸುವದು.

ಮೊದಲನೆಯ ವಾರ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಮಾತ್ರ ಬದಲಿಸಿರಿ. ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ ಕಾಲು ಗಂಟೆ ಸಾಕು. ಬೆರಳ ತುದಿ ನೋಯುವದು; ಕುಡುಗೋಲು ಹಿಡಿದ ಕೈಗಳಿಗೆ ಇದು ದೊಡ್ಡದಲ್ಲ. ಬೆರಳನ್ನು ಮೆಟ್ಟಿಲಿನ ಲೋಹದ ಮೇಲೆ ಇಡದೆ, ತಲೆಯ ಕಡೆಗೆ ಅದರ ಒತ್ತಿಗೇ ಇಟ್ಟರೆ ಸ್ವಲ್ಪವೇ ಒತ್ತಿದರೂ ನಾದವು ಶುದ್ಧವಾಗಿ ಬರುವದು. ಎರಡನೆಯ ವಾರ ಬಲಗೈಯು ಸೇರಲಿ. ಆಗ ಒಂದು ಕಟ್ಟಳೆಯನ್ನು ಮೀರಬೇಡಿರಿ: ಎಡಗೈ ತಪ್ಪಿದರೂ ಬಲಗೈ ನಿಲ್ಲಬಾರದು. ಬೆರಳು ಸಿಕ್ಕದಿದ್ದರೆ ಬರೀ ತಂತಿಗಳನ್ನೇ ಮೀಟಿ ತಾಳವನ್ನು ನಡಿಸಿರಿ. ಒಂದು ತಪ್ಪು ಸ್ವರವನ್ನು ಸಭೆಯು ದಾಟಿಹೋಗುವದು. ತಾಳ ನಿಂತರೆ ಸಭೆಯೇ ನಿಲ್ಲುವದು. 33ನೆಯ ಕೀರ್ತನೆಯ 3ನೆಯ ವಚನವು ಜಾಣತನದಿಂದ ಬಾರಿಸಬೇಕೆಂದು ಹೇಳುವದರಲ್ಲಿ ಇದೂ ಸೇರಿದೆಯೆಂದು ನಮ್ಮ ಎಣಿಕೆ.

ರಾಗತಾಳಗಳಲ್ಲಿ ರಚಿತವಾದ ನಮ್ಮ ಕೀರ್ತನೆಗಳಿಗೆ ಈ ಮೂರು ಕೂಟಗಳನ್ನು ಬಲವಂತವಾಗಿ ಹೊಂದಿಸಬೇಡಿರಿ. ರಾಗದ ಬೆಡಗು ಕೆಡುವದು. ಅವುಗಳಿಗೆ 3ನೆಯ ತಂತಿಯ ಷಡ್ಜವನ್ನೂ 4ನೆಯ ತಂತಿಯ ಪಂಚಮವನ್ನೂ ತಂಬೂರಿಯಂತೆ ಮೆಲ್ಲಗೆ ಮೀಟುತ್ತಾ ಇದ್ದರೆ ಸಾಕು.