ಪುಕ್ಕಟೆ ಅಂಕಿಅಂಶಕ್ಕೂ ಮೂಲ ಹೇಳಿ

ಪ್ರಶ್ನೆ: ನಾನು ಸಿಂದಗಿಯವಳು. ವಿಜಯಪುರದಲ್ಲಿ ಟಿ-20 ಬೌಲಿಂಗ್ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಎಸೆತವಾರು ವಿವರಗಳನ್ನು ಕ್ರಿಕ್‌ಶೀಟ್ ಜಾಲತಾಣದಿಂದ ಇಳಿಸಿಕೊಂಡಿದ್ದೇನೆ. ಪುಕ್ಕಟೆ ಸಿಕ್ಕಿದ್ದಕ್ಕೆ ಹೆಸರು ಹಾಕಬೇಕೆ?

ಉತ್ತರ: ಹಾಕಲೇಬೇಕು. ಮೊದಲು ಪರವಾನಗಿ ಓದಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ. ಷರತ್ತು ಎಲ್ಲ ಕಡೆ ಒಂದೇ ಇರುವುದಿಲ್ಲ. ಸ್ಟ್ಯಾಟ್ಸ್‌ಬಾಂಬ್ ಸಂಸ್ಥೆಯ ಉಚಿತ ಫುಟ್‌ಬಾಲ್ ದತ್ತಾಂಶ ಬಳಸಿದರೆ ಹೆಸರಿನ ಜೊತೆ ಲಾಂಛನವೂ ಬೇಕು. ಭಾರತ ಸರ್ಕಾರದ ಮುಕ್ತ ದತ್ತಾಂಶಕ್ಕೆ ಒದಗಿಸಿದವರು, ಮೂಲ, ಪರವಾನಗಿ ಮೂರನ್ನೂ ನಮೂದಿಸಬೇಕು.

ಪ್ರತಿ ಕೋಷ್ಟಕದ ಕೆಳಗೆ ಹೀಗೆ ಬರೆಯಿರಿ: ‘ದತ್ತಾಂಶ: ಕ್ರಿಕ್‌ಶೀಟ್, ಪುರುಷರ ಟಿ-20 ಕಡತ, ಇಳಿಸಿಕೊಂಡದ್ದು 12-1-2025, ಲೆಕ್ಕಾಚಾರ ಸಂಶೋಧಕಿಯದು.’ ಕಡತಕ್ಕೆ ಹೊಸ ಪಂದ್ಯಗಳು ಸೇರುತ್ತಲೇ ಇರುವುದರಿಂದ ದಿನಾಂಕ ಬಿಡಬೇಡಿ. ಆಕರಸೂಚಿಯಲ್ಲೂ ಸೇರಿಸಿ, ಕೃತಜ್ಞತೆಯ ಪುಟದಲ್ಲಿ ನೆನೆದರೆ ಸಾಲದು. ಯಾವ ಪಂದ್ಯಗಳನ್ನು ಕೈಬಿಟ್ಟಿರಿ ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ತಿಳಿಸಿ.

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನು ನೆಚ್ಚಿ ಮೂಲ ಮುಚ್ಚಿಡಬೇಡಿ. ಹೋಲಿಕೆ ಪತ್ತೆಹಚ್ಚುವ ತಂತ್ರಾಂಶದ ಕಣ್ಣು ತಪ್ಪಿಸಿದ ಅಂಕಿಯನ್ನು ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದು.

ಪ್ರಬಂಧ ಈಗಾಗಲೇ ಸಲ್ಲಿಸಿದ್ದರೆ ಮಾರ್ಗದರ್ಶಕರ ಮೂಲಕ ತಿದ್ದುಪಡಿಗೆ ಪತ್ರ ಕೊಡಿ. ಪರವಾನಗಿ ಅರ್ಥವಾಗದಿದ್ದರೆ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕಾಣಿ. ಇದೇ ದತ್ತಾಂಶದಿಂದ ಆ್ಯಪ್ ಮಾಡಿ ಮಾರುವ ಯೋಚನೆಯಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.