ಉಮೇದುವಾರನ ಖರ್ಚಿನ ಲೆಕ್ಕ

ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆಯುಂಟು. ಚುನಾವಣೆಯಲ್ಲಿ ಹರಿಯುವ ಹಣಕ್ಕೂ 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 77ನೆಯ ಕಲಮು ಕಟ್ಟೆ ಹಾಕಿದೆ. 2022ರಲ್ಲಿ ಕರ್ನಾಟಕದ ವಿಧಾನಸಭಾ ಉಮೇದುವಾರನ ಖರ್ಚಿನ ಮಿತಿಯು 40 ಲಕ್ಷ ರೂಪಾಯಿಗಳಿಗೆ ಏರಿತು. ಸವದತ್ತಿಗೂ ಅದೇ ಮಿತಿ. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ಸಕಾರಣವಿಲ್ಲದೆ ತಪ್ಪಿದವನನ್ನು ಚುನಾವಣಾ ಆಯೋಗವು 3 ವರ್ಷ ಅನರ್ಹಗೊಳಿಸುತ್ತದೆ.

ಆದರೆ ಕಟ್ಟೆಯ ಒಂದು ಬಾಗಿಲು ತೆರೆದೇ ಇದೆ: ಪಕ್ಷವು ಮಾಡುವ ಸಾಮಾನ್ಯ ಪ್ರಚಾರದ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷದ ಆಸರೆಯಿಲ್ಲದೆ ನಿಲ್ಲುವ ರೈತನ ಮಗನಿಗೆ ಇದು ಅನ್ಯಾಯವೆಂದು ನನ್ನ ಅಭಿಪ್ರಾಯ. ಆ ಬಾಗಿಲು ಮುಚ್ಚುವುದು ಸಂಸತ್ತಿನ ಕೆಲಸ. ನಮ್ಮ ಕೆಲಸವೂ ಒಂದುಂಟು. 1961ರ ಚುನಾವಣಾ ನಿಯಮಗಳಲ್ಲಿ 88ನೆಯದರ ಪ್ರಕಾರ, ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ಉಮೇದುವಾರನ ಲೆಕ್ಕವನ್ನು ನೋಡಬಹುದು. ಸಹಪಾಠಿಗಳೇ, ಮತ ಹಾಕಿದ ಮೇಲೆ ಲೆಕ್ಕವನ್ನೂ ಕೇಳೋಣ.